ಪದ ಬೇಕು: ಮನೆಗಾಡಿಯಲ್ಲಿ ಬ್ಯಾಟರಿ ಇಡುವ ಜಾಗ, ಅಲ್ಲಿ ಕೂರುವ ಹಸಿರು ಪುಡಿ

ಇಂದ: ಆನೆಗೊಂದಿ ಬಿಡಾರ

ಎಲ್ಲರಿಗೂ ನಮಸ್ಕಾರ. ಎರಡು ಪದ ಬೇಕಾಗಿವೆ, ನಾಳೆ ಸಂಜೆಯೊಳಗೆ. ಗಂಗಾವತಿಯ ರೇಡಿಯಂ ಅಂಗಡಿಯವರು ಅಷ್ಟು ಹೊತ್ತು ಮಾತ್ರ ಕಾಯುತ್ತಾರೆ.

ನಾನೂ ನನ್ನ ತಮ್ಮನೂ ಆನೆಗೊಂದಿ ಹತ್ತಿರ ಪ್ರವಾಸಿಗರಿಗೆ ಒಂದು ಗಾಡಿ ಬಾಡಿಗೆಗೆ ಕೊಡುತ್ತೇವೆ. ಹಳೆಯ ಟಿಟಿ (ಟೆಂಪೋ ಟ್ರಾವೆಲರ್), ಒಳಗೆ ಮನೆ ಮಾಡಿಸಿದ್ದೇವೆ. ಮಂಚ, ಒಲೆ, ಸಣ್ಣ ಫ್ರಿಜ್, ನೆತ್ತಿಯ ಮೇಲೆ ಸೋಲಾರ್. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಮುಂದಿದೆ, ಅದರ ತಂಟೆ ಇಲ್ಲ. ಮನೆಯ ಭಾಗಕ್ಕೆ ಕರೆಂಟ್ ಕೊಡುವ ಎರಡು ಬ್ಯಾಟರಿ ಬೇರೆ ಇವೆ. 12 ವೋಲ್ಟಿನವು, ಆಗಾಗ ನೀರು ಹಾಕಬೇಕಾದವು. ಪಕ್ಕದ ಬಾಗಿಲಿನ ಕೆಳಗೆ, ಹೊರಗಿನಿಂದ ತೆಗೆಯುವ ಒಂದು ಮುಚ್ಚಳದ ಹಿಂದೆ ಕೂತಿವೆ. ತಿಂಗಳಿಗೊಮ್ಮೆ ಆ ಮುಚ್ಚಳ ತೆಗೆದು ಧೂಳು ಒರೆಸಬೇಕು, ವೈರ್ ಬಿಗಿಯುವ ಟರ್ಮಿನಲ್ ಉಜ್ಜಬೇಕು, ನೀರು ನೋಡಬೇಕು. ಮಾಡುವವನು ನಮ್ಮ ಹುಡುಗ. ಸಿಂಧನೂರು ಕಡೆಯ ಒಂದು ಕ್ಯಾಂಪಿನವನು, ಹತ್ತನೇ ಕ್ಲಾಸು ಓದಿದ್ದಾನೆ, ಮನೆಮಾತು ತೆಲುಗು.

ಮುಚ್ಚಳದ ಒಳಮೈಗೆ ಒಂದು ಸ್ಟಿಕ್ಕರ್ ಅಂಟಿಸಬೇಕು. ಒಂದು ಅಡಿ ಅಗಲ, ಮುಕ್ಕಾಲು ಅಡಿ ಎತ್ತರ. ನಾನು ಬರೆದ ಮೊದಲ ಸಾಲು ಹೀಗಿತ್ತು: 'ವಿದ್ಯುತ್ಕೋಶ ವಿಭಾಗವನ್ನು ಲೋಹಕ್ಷಯಮುಕ್ತವಾಗಿಡಿ.' ಹುಡುಗ ಎರಡು ಸಲ ಓದಿ 'ಅಕ್ಕಾ, ಇದು ಯಾವ ಪಾಠದ್ದು?' ಅಂತ ಕೇಳಿದ. ಹರಿದು ಹಾಕಿದೆ.

ಆ ಜಾಗಕ್ಕೆ ಏನನ್ನೋಣ? ಟರ್ಮಿನಲ್ ಮೇಲೆ ಉಪ್ಪಿನ ಹಾಗೆ ಉಬ್ಬಿ ಕೂರುವ ಬಿಳಿ, ಹಸಿರು ಪುಡಿಗೆ ಏನನ್ನೋಣ? ತುಕ್ಕು ಅಂದರೆ ತಮ್ಮ ಒಪ್ಪುತ್ತಿಲ್ಲ.


ಇಂದ: ಕೊಪಣದವ

ಜಾಗಕ್ಕೆ ಗೂಡು. ಪುಡಿಗೆ ಕಿಲುಬು. ಖಾನೆ ಅಂತ ಯಾರಾದರೂ ಹೇಳೇ ಹೇಳುತ್ತಾರೆ, ಕೇಳಬೇಡಿ.

ನಿಮ್ಮ ತಮ್ಮ ಹೇಳಿದ್ದು ಸರಿ. ತುಕ್ಕು ಹಿಡಿಯುವುದು ಕಬ್ಬಿಣಕ್ಕೆ. ತಾಮ್ರಕ್ಕೆ, ಹಿತ್ತಾಳೆಗೆ ಹಿಡಿಯುವುದು ಕಿಲುಬು. ಹಬ್ಬಕ್ಕೆ ಅಟ್ಟದಿಂದ ಇಳಿಸಿದ ತಂಬಿಗೆಯ ಕುತ್ತಿಗೆಯಲ್ಲಿ ಕಾಣುತ್ತದಲ್ಲ, ಅದು. ಈ ಪದ ಎಷ್ಟು ಹಳೆಯದು ಅಂತ ನೋಡಿ. ತಮಿಳಿನಲ್ಲಿ ಕಳಿಂಬು. ತೆಲುಗಿನಲ್ಲಿ ಚಿಲುಮು. ನಮ್ಮ ಕೆರೆ ಅವರಿಗೆ ಚೆರುವು, ನಮ್ಮ ಕಿವಿ ಅವರಿಗೆ ಚೆವಿ, ಹಾಗೆಯೇ ಕಿಲುಬು ಅವರಿಗೆ ಚಿಲುಮು. ಕೊನೆಯಲ್ಲಿ ತಮಿಳು 'ಂಬು' ಎರಡನ್ನೂ ಉಳಿಸಿಕೊಂಡಿದೆ. ನಾವು ಬಕಾರ ಇಟ್ಟುಕೊಂಡೆವು, ಅವರು ಮಕಾರ ಇಟ್ಟುಕೊಂಡರು. ಒಂದೇ ಬೇರಿನ ಮೂರು ಕವಲು. ಇಂಥ ಪದ ಮನೆಯಲ್ಲಿಟ್ಟುಕೊಂಡು ಲೋಹಕ್ಷಯ ಅಂತ ಬರೆದಿರಲ್ಲ ಮೇಡಂ, ಓದಿ ಬೇಜಾರಾಯಿತು.


ಇಂದ: ರಾಯಚೂರು ಮೇಷ್ಟ್ರು

ಕಿಲುಬು ಒಪ್ಪಿದೆ. ಖಾನೆಯನ್ನು ಬಾಗಿಲಲ್ಲೇ ತಡೆದದ್ದು ಒಪ್ಪುವುದಿಲ್ಲ.

ಬೀರುವಿನ ಖಾನೆ, ಟೇಬಲ್ಲಿನ ಖಾನೆ. ದೊಡ್ಡದೊಂದರ ಒಳಗೆ ಅಡ್ಡಹಲಗೆ ಹಾಕಿ ಬೇರೆ ಮಾಡಿದ ಜಾಗ, ಅದಕ್ಕೊಂದು ಬಾಗಿಲು. ಆನೆಗೊಂದಿ ಅಮ್ಮ ಹೇಳಿದ್ದೂ ಅದೇ ಅಲ್ವಾ? ಪಾರಸಿಯ ಖಾನಾ, ಅಂದರೆ ಮನೆ, ಕೋಣೆ. ಕಾರ್ಖಾನೆ, ದವಾಖಾನೆ ಎಲ್ಲ ಅದರ ಮಕ್ಕಳು. (ಖಾನಾವಳಿಯನ್ನು ಇದಕ್ಕೆ ಸೇರಿಸಬೇಡಿ. ಅದು ಊಟದ ಖಾನಾ, ಬೇರೆಯೇ ಬೇರು. ಪ್ರತಿ ಸಲ ಯಾರೋ ಒಬ್ಬರು ಸೇರಿಸುತ್ತಾರೆ.)

ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಅದಕ್ಕೂ ಮುಂಚೆ ಬಹಮನಿಗಳು, ಬಿಜಾಪುರದವರು. ಅಷ್ಟು ಶತಮಾನ ನಮ್ಮ ಬಾಯಲ್ಲಿ ಆಡಿದ ಪದ ಇನ್ನೂ ಪರದೇಶಿಯೇ? ನನ್ನ ತಾಯಿ ನನ್ನನ್ನು ಹೆತ್ತದ್ದು ದವಾಖಾನೆಯಲ್ಲಿ. ಆಸ್ಪತ್ರೆ ಅನ್ನುವ ಪದ ಅವಳ ಬಾಯಲ್ಲಿ ನಾನು ಕೇಳಿಲ್ಲ. ಆಸ್ಪತ್ರೆಯಾದರೂ ಎಲ್ಲಿಂದ ಬಂತು, ಕೊಪಣದವರು ಹೇಳಲಿ.


ಇಂದ: ಕೊಪಣದವ

ವಿಷಯ ಬದಲಿಸಬೇಡಿ. ದವಾಖಾನೆಗೆ ನಮ್ಮಲ್ಲಿ ಪದ ಇರಲಿಲ್ಲ, ಬಂತು, ಇರಲಿ. ಗೂಡು ಇತ್ತು. ಇರುವ ಪದವನ್ನು ತಳ್ಳಿ ಇನ್ನೊಂದನ್ನು ಕೂರಿಸುವುದು ಸಾಲವಲ್ಲ, ಒಕ್ಕಲೆಬ್ಬಿಸುವುದು.

ಕವಿರಾಜಮಾರ್ಗ ತಿರುಳ್ಗನ್ನಡದ ನಾಡಿಗೆ ನಾಲ್ಕು ಊರು ಹೇಳುತ್ತದೆ: ಕಿಸುವೊಳಲು, ಕೊಪಣ (ಈಗಿನ ಕೊಪ್ಪಳ), ಪುಲಿಗೆರೆ, ಒಂಕುಂದ. 9ನೇ ಶತಮಾನದಲ್ಲಿ ಅಚ್ಚ ಕನ್ನಡ ಎಲ್ಲಿದೆ ಅಂತ ಕೇಳಿದರೆ ನಮ್ಮೂರನ್ನು ತೋರಿಸುತ್ತಿದ್ದರು. ಆ ನೆಲದಲ್ಲಿ ನಿಂತು ಗೂಡು ಬೇಡ, ಖಾನೆ ಬೇಕು ಅಂತ ವಾದ ಮಾಡಬೇಕಾಗಿದೆ. ಸಂಕಟವಾಗುತ್ತದೆ.

ಇನ್ನೊಂದು. 'ಬ್ಯಾಟರಿ' ಯಾಕೆ? ಮಿಂಚುಗೂಡು ಅನ್ನಿ. ಒಂದೇ ಪದದಲ್ಲಿ ಎರಡೂ ಬಂತು.


ಇಂದ: ರಾಯಚೂರು ಮೇಷ್ಟ್ರು

ಮಿಂಚುಗೂಡು ಬೇಡ. ಹುಡುಗ ಆಕಾಶ ನೋಡುತ್ತಾನೆ.

ಬ್ಯಾಟರಿಗೂ ಒಂದು ಎಚ್ಚರಿಕೆ ಬೇಕು. ನಮ್ಮ ಹಳ್ಳಿಗಳಲ್ಲಿ ಬ್ಯಾಟ್ರಿ ಅಂದರೆ ಟಾರ್ಚು. 'ಬ್ಯಾಟ್ರಿ ಹಾಕು' ಅಂದರೆ ಬೆಳಕು ಬಿಡು ಅಂತ. ಅದರೊಳಗೆ ಹಾಕುವುದು ಶೆಲ್ಲು. ಗೂಡು ಅಂತಲೂ ಬರೆದರೆ ಟಾರ್ಚು ಇಡುವ ಗೋಡೆಗೂಡು ಅಂತ ಅರ್ಥವಾದೀತು.


ಇಂದ: ಬಳ್ಳಾರಿ ಬ್ಯಾಟರಿ

ನಾನು ಪಂಡಿತನಲ್ಲ, ಬ್ಯಾಟರಿ ಅಂಗಡಿಯವನು. ಇಷ್ಟು ದಿನ ಓದಿ ಸುಮ್ಮನಿರುತ್ತಿದ್ದೆ. ಈ ಸಲ ಬರೆಯಲೇಬೇಕು, ಯಾಕೆಂದರೆ ಇದು ಕೈ ಸುಡುವ ವಿಷಯ.

ಅಕ್ಕಾ, ಅಲ್ಲಿ ಎರಡು ವಸ್ತು ಇವೆ. ಬ್ಯಾಟರಿ ಕೂರುವ ಕಪ್ಪು ಪ್ಲಾಸ್ಟಿಕ್ಕಿನದು ಒಂದು, ಅದು ಇರುವ ಗಾಡಿಯ ಜಾಗ ಒಂದು. ಮೊದಲನೆಯದಕ್ಕೆ ಬಳ್ಳಾರಿಯಿಂದ ರಾಯಚೂರಿನವರೆಗೆ ಎಲ್ಲ ಮೆಕ್ಯಾನಿಕ್‌ಗಳೂ ಬಾಕ್ಸ್ ಅನ್ನುತ್ತಾರೆ. ಅದನ್ನು ಮುಟ್ಟಬೇಡಿ. ಎರಡನೆಯದಕ್ಕೆ ಮಾತ್ರ ನೀವು ಪದ ಹುಡುಕುತ್ತಿರುವುದು. ನನ್ನ ಓಟು ಗೂಡಿಗೆ. ಕನ್ನಡ ಅಂತಲ್ಲ. ತೆಲುಗಿನಲ್ಲೂ ಗೂಡು ಗೂಡೇ. ಹಕ್ಕಿಯದಕ್ಕೂ ಅದೇ, ಗೋಡೆಯದಕ್ಕೂ ಅದೇ. ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿತ್ತು, ನಮಗೆ ಖಾನೆಗಿಂತ ತೆಲುಗು ಹತ್ತಿರ. ನನ್ನ ಅಂಗಡಿಯ ಹುಡುಗರು ಅರ್ಧ ಜನ ಮನೆಯಲ್ಲಿ ತೆಲುಗು ಮಾತಾಡುತ್ತಾರೆ. ಕಿಲುಬಿಗೆ ಅವರು ಚಿಲುಮು ಅಂತಲೇ ಅನ್ನುವುದು. ಕೊಪಣದವರು ಹೇಳುವವರೆಗೆ ಎರಡೂ ಒಂದೇ ಪದ ಅಂತ ನನಗೆ ಹೊಳೆದಿರಲಿಲ್ಲ.

ಗೂಡಿಗೆ ಇನ್ನೊಂದು ಕಾರಣ. ದೀಪದ ಗೂಡು ನೋಡಿ, ಮುಂದೆ ತೆರೆದಿರುತ್ತದೆ, ಹೊಗೆ ಹೋಗುತ್ತದೆ. ಈ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮುಚ್ಚಿದ ಜಾಗದ ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಅದಕ್ಕೇ ಆ ಮುಚ್ಚಳದಲ್ಲಿ ಸೀಳು ಬಿಟ್ಟಿರುತ್ತಾರೆ. ಧೂಳು ಬರುತ್ತದೆ ಅಂತ ಅದಕ್ಕೆ ಬಟ್ಟೆ ತುರುಕುವವರನ್ನು ನೋಡಿದ್ದೇನೆ. ಸಂಡೂರು ಕಡೆಯಿಂದ ಬರುವ ಗಾಡಿಗಳಲ್ಲಿ ಕೆಂಪು ಧೂಳು ಬ್ಯಾಟರಿ ತಲೆ ಮೇಲೆ ಕಂಬಳಿಯ ಹಾಗೆ ಕೂತಿರುತ್ತದೆ. ಆ್ಯಸಿಡ್ ಪಸೆ ತಾಗಿ ಅದು ಒದ್ದೆಯಾದರೆ ಪ್ಲಸ್‌ನಿಂದ ಮೈನಸ್‌ಗೆ ಕರೆಂಟ್ ಸೋರುತ್ತದೆ, ನಿಂತಲ್ಲೇ ಬ್ಯಾಟರಿ ಇಳಿಯುತ್ತದೆ. ಧೂಳು ಒರೆಸಬೇಕು, ಗಾಳಿ ಮುಚ್ಚಬಾರದು. ಆಯುಧ ಪೂಜೆಯ ದಿನ ಮುಚ್ಚಳ ತೆಗೆದು ಬ್ಯಾಟರಿಗೆ ಕುಂಕುಮ ಹಚ್ಚಿ ಪಕ್ಕದಲ್ಲೇ ಊದುಬತ್ತಿ ಸಿಕ್ಕಿಸುತ್ತಾರೆ. ನನಗೆ ಆ ದಿನ ಎದೆ ಹೊಡೆದುಕೊಳ್ಳುತ್ತದೆ. ಆ ಸೀಳಿಗೂ ಒಂದು ಪದ ಕೊಡಿ.


ಇಂದ: ಕೊಪಣದವ

ಗಾಳಿಕಿಂಡಿ. ಮಾಳಿಗೆ ಮನೆಯ ಬೆಳಕಿಂಡಿ ಇದ್ದ ಹಾಗೆ.


ಇಂದ: ಆನೆಗೊಂದಿ ಬಿಡಾರ

ಎಲ್ಲರಿಗೂ ಋಣಿ. ಇವತ್ತು ಬೆಳಿಗ್ಗೆ ಪದಗಳನ್ನು ಹುಡುಗನ ಮೇಲೆ ಪರೀಕ್ಷೆ ಮಾಡಿದೆ. ಏನೂ ವಿವರಿಸಲಿಲ್ಲ, ಪದ ಮಾತ್ರ ಹೇಳಿದೆ.

'ಖಾನೆ ತೆಗೆದು ಒರೆಸು' ಅಂದೆ. ಮಂಚದ ಕೆಳಗಿನ ಖಾನೆ ಎಳೆದು ಚಮಚ, ತಟ್ಟೆ ಹೊರಗಿಟ್ಟ. ತಪ್ಪು ಅವನದಲ್ಲ. ಈ ಗಾಡಿಯಲ್ಲಿ ಖಾನೆಗಳೇ ಏಳೆಂಟು ಇವೆ. 'ಬ್ಯಾಟರಿ ಬಾಕ್ಸ್' ಅಂದೆ. ಕಪ್ಪು ಬಾಕ್ಸಿನ ತಲೆ ಒರೆಸಿ ನಿಂತ, ಸುತ್ತಲಿನ ಧೂಳು ಹಾಗೇ ಇತ್ತು. 'ಬ್ಯಾಟರಿ ಗೂಡು' ಅಂದಾಗ ಮೂಲೆಯವರೆಗೆ ಕೈ ಹಾಕಿ ಒರೆಸಿದ. ಟಾರ್ಚಿನ ಗೊಂದಲ ಬರಲಿಲ್ಲ ಮೇಷ್ಟ್ರೇ, ಗಾಡಿಯ ಪಕ್ಕದಲ್ಲೇ ನಿಂತಿದ್ದೆವಲ್ಲ.

ಆಮೇಲೆ 'ಕಿಲುಬು ತೆಗಿ' ಅಂದೆ. 'ಚಿಲುಮಾ ಅಕ್ಕಾ?' ಅಂದ. ನನಗೆ ತುಂಬಾ ಖುಷಿಯಾಯಿತು. ಫೋನ್ ಬಂತು, ಎರಡು ನಿಮಿಷ ಆಚೆ ಹೋದೆ. ವಾಪಸ್ ಬಂದು ನೋಡಿದರೆ ಅಡುಗೆಮನೆಯಿಂದ ಒಂದು ನಿಂಬೆ ಗಾತ್ರದ ಹುಣಸೆಹಣ್ಣು ನೆನೆಸಿ ತಂದು ಟರ್ಮಿನಲ್ ಉಜ್ಜುತ್ತಿದ್ದಾನೆ. ಕಂದು ರಸ ಬ್ಯಾಟರಿ ತಲೆ ಮೇಲೆ ಹರಿದು ಕೇಬಲ್ ಕೆಳಗೆ ಇಳಿಯುತ್ತಿತ್ತು. ಒಂದು ಟರ್ಮಿನಲ್ ಆಗಲೇ ಹೊಳೆಯುತ್ತಿತ್ತು. ಅವನ ಕೈಯಲ್ಲಿ ಸ್ಟೀಲ್ ಕಡಗ ಬೇರೆ. ಕೂಗಿದೆ. ಗಾಬರಿಯಾಗಿ ನಿಂತುಬಿಟ್ಟ. 'ಅಮ್ಮ ತಂಬಿಗೆಗೆ ಹಿಂಗೇ ಮಾಡ್ತಾಳೆ' ಅಂದ.

ಈಗ ಕಿಲುಬು ಬರೆಯಲೋ ಬೇಡವೋ ತಿಳಿಯುತ್ತಿಲ್ಲ.


ಇಂದ: ರಾಯಚೂರು ಮೇಷ್ಟ್ರು

ಮೊದಲು ಹುಡುಗ ಕೈ ತೊಳೆದನೋ ಇಲ್ಲವೋ ನೋಡಿ.

ನಾನು ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನು, ಕಿಲುಬು ಒಪ್ಪಿದ್ದು ನನ್ನ ಅವಸರ. ತಂಬಿಗೆಯ ಕಿಲುಬು ಹೆಚ್ಚಾಗಿ ತಾಮ್ರದ ಕಾರ್ಬೊನೇಟ್. ಗಾಳಿ, ತೇವದಿಂದ ಆದದ್ದು, ಹುಳಿಗೆ ಕರಗುತ್ತದೆ. ಬ್ಯಾಟರಿಯದು ಆ್ಯಸಿಡ್ಡಿನಿಂದಲೇ ಹುಟ್ಟಿದ ಸಲ್ಫೇಟ್. ಬಿಳಿಯದು ಸೀಸದ್ದು, ನೀಲಿ-ಹಸಿರು ತಾಮ್ರದ್ದು. ಅಲ್ಲಿ ಆಗಲೇ ಹುಳಿ ಜಾಸ್ತಿ ಇದೆ. ಮೇಲೆ ಹುಣಸೆಹುಳಿ ಸುರಿದರೆ ಹೊಳಪು ಬರುತ್ತದೆ, ಆ್ಯಸಿಡ್ ಹೋಗುವುದಿಲ್ಲ. ಅದನ್ನು ಕೊಲ್ಲುವುದು ಸೋಡಾ. ನೊರೆ ಬರುವುದು ನಿಂತರೆ ಆ್ಯಸಿಡ್ ತೀರಿತು ಅಂತ ಲೆಕ್ಕ.

ಹಾಗಾಗಿ ಆ ಪದವೇ ಹುಡುಗನ ದಾರಿ ತಪ್ಪಿಸಿದೆ. ಸುಮ್ನೆ 'ಬಿಳಿ-ಹಸಿರು ಪುಡಿ' ಅಂತ ಬರೆಯಿರಿ.


ಇಂದ: ಕೊಪಣದವ

ಪದ ದಾರಿ ತಪ್ಪಿಸಿಲ್ಲ. ಪದ ಹುಡುಗನನ್ನು ಸರಿಯಾದ ಜಾಗಕ್ಕೆ ಕರೆದುಕೊಂಡು ಹೋಯಿತು. ಯಾವುದರಿಂದ ಉಜ್ಜಬೇಕು ಅನ್ನುವ ಸಾಲು ಇನ್ನೂ ಬರೆದಿರಲಿಲ್ಲ, ಅಷ್ಟೇ. ಮೇಷ್ಟ್ರು ಪದಕ್ಕೆ ಪಾಠದ ಭಾರ ಹೊರಿಸುತ್ತಿದ್ದಾರೆ. ತುಕ್ಕು ಅಂತ ಬರೆದಿದ್ದರೆ ಹುಡುಗ ಉಪ್ಪುಕಾಗದ ಹಿಡಿದು ಬರುತ್ತಿದ್ದ, ಆಗ ಏನನ್ನುತ್ತಿದ್ದಿರಿ?


ಇಂದ: ಬಳ್ಳಾರಿ ಬ್ಯಾಟರಿ

ಇಬ್ಬರೂ ಸ್ವಲ್ಪ ನಿಲ್ಲಿಸಿ, ಅಕ್ಕನಿಗೆ ಸಂಜೆಯೊಳಗೆ ಬೇಕು. ಕಿಲುಬು ಇರಲಿ, ಪಕ್ಕದಲ್ಲೇ ಹುಣಸೆ ಬೇಡ ಅಂತ ಬರೆಯಿರಿ. ಕೆಲಸದ ಕ್ರಮ ಹೇಳುತ್ತೇನೆ. ಮೊದಲು ಸೋಲಾರ್ ಬಂದ್. ನಿಮ್ಮ ತಲೆ ಮೇಲೆ ಬಿಸಿಲಿರುವವರೆಗೂ ಅದು ಚಾರ್ಜ್ ಮಾಡುತ್ತಲೇ ಇರುತ್ತದೆ. ಮೈನಸ್ ಮೊದಲು ಬಿಚ್ಚಬೇಕು, ಹಾಕುವಾಗ ಕೊನೆಗೆ. ಪ್ಲಸ್ ಮೊದಲು ಬಿಚ್ಚಲು ಹೋಗಿ ಪಾನಾ ಗಾಡಿಯ ಲೋಹದ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಕಡಗ, ಉಂಗುರ ಬಿಚ್ಚಿಡಲಿ. ನೀರು ಹಾಕುವ ಮುಚ್ಚಳಗಳು ಬಿಗಿ ಇರಲಿ, ಸೋಡಾ ಒಳಗೆ ಹೋದರೆ ಬ್ಯಾಟರಿ ಕೆಡುತ್ತದೆ. ಒಣಗಿದ ಮೇಲೆ ವ್ಯಾಸಲೀನ್.

ನೀರಿಗೆ 'ಬಟ್ಟಿ ಇಳಿಸಿದ ನೀರು' ಅಂತ ದಯವಿಟ್ಟು ಬೇಡ. ಅಂಗಡಿಯ ಕ್ಯಾನಿನ ಮೇಲೆ ಇರುವುದು ಡಿಸ್ಟಿಲ್ಡ್ ವಾಟರ್, ಜನ ಕೇಳುವುದು ಡಿಸ್ಟಿಲ್ ವಾಟರ್. ನಮ್ಮ ಬೋರಿನ ನೀರಲ್ಲಿ ಸುಣ್ಣ, ಉಪ್ಪು ಜಾಸ್ತಿ, ಬ್ಯಾಟರಿ ಒಳಗಿನ ಪ್ಲೇಟ್ ಹಾಳು ಮಾಡುತ್ತದೆ. ಈ ಬಿಸಿಲಿಗೆ ನೀರು ಬೇಗ ಇಳಿಯುವುದರಿಂದ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನೋಡಿ.


ಇಂದ: ಆನೆಗೊಂದಿ ಬಿಡಾರ

ಹೀಗೆ ಬರೆದಿದ್ದೇನೆ, ಹೊರಡುವ ಮುಂಚೆ ಒಂದು ಸಲ ನೋಡಿ.

ಬ್ಯಾಟರಿ ಗೂಡು
ಸೋಲಾರ್ ಬಂದ್ ಮಾಡಿ. ಕಡಗ, ಉಂಗುರ ಬಿಚ್ಚಿಡಿ.
ಬೀಡಿ, ಊದುಬತ್ತಿ, ಕಡ್ಡಿಪೆಟ್ಟಿಗೆ ಹತ್ತಿರ ಬೇಡ.
ಮೈನಸ್ ವೈರ್ ಮೊದಲು ಬಿಚ್ಚಿ, ಕೊನೆಗೆ ಹಾಕಿ.
ಕಿಲುಬನ್ನು ಸೋಡಾ ನೀರಿನಲ್ಲಿ ಉಜ್ಜಿ. ಹುಣಸೆಹಣ್ಣು ಬೇಡ.
ಒರೆಸಿ, ಒಣಗಿಸಿ, ವ್ಯಾಸಲೀನ್ ಹಚ್ಚಿ.
ಡಿಸ್ಟಿಲ್ ವಾಟರ್ ಮಾತ್ರ ಹಾಕಿ.
ಗಾಳಿಕಿಂಡಿ ಮುಚ್ಚಬೇಡಿ.

ಮೈನಸ್, ಪ್ಲಸ್‌ಗೆ ಋಣ, ಧನ ಅಂತ ಬರೆಯಲಿಲ್ಲ. ನಮ್ಮ ಕಡೆ ಋಣ ಅಂದರೆ ಸಾಲವೇ.


ಇಂದ: ರಾಯಚೂರು ಮೇಷ್ಟ್ರು

ಚೆನ್ನಾಗಿದೆ. ಖಾನೆಯ ವಾದ ನಾನು ಬಿಟ್ಟಿಲ್ಲ, ಇನ್ನೊಂದು ಪತ್ರದಲ್ಲಿ ಬರೆಯುತ್ತೇನೆ.


ಇಂದ: ಬಳ್ಳಾರಿ ಬ್ಯಾಟರಿ

ಅಕ್ಕಾ, 'ಸೋಡಾ ನೀರು' ಅಂದರೆ ಹುಡುಗ ಅಂಗಡಿಗೆ ಹೋಗಿ ಗೋಲಿ ಸೋಡಾ ತರುತ್ತಾನೆ. ಅದೂ ಹುಳಿಯೇ. 'ಅಡುಗೆ ಸೋಡಾ ಪುಡಿ, ಒಂದು ಲೋಟ ನೀರಿಗೆ ಒಂದು ಚಮಚ' ಅಂತ ಬರೆಯಿರಿ.


ಇಂದ: ಆನೆಗೊಂದಿ ಬಿಡಾರ

ತಿದ್ದಿದೆ ಅಣ್ಣಾ. ಅಂಗಡಿ ಮುಚ್ಚುವುದರೊಳಗೆ ಹೋಗಬೇಕು, ಬಸ್ಸು ಹತ್ತಿದೆ.