ಪದಚರ್ಚೆ: ‘ಅನಾಮಧೇಯ’ ಅಂದರೆ ಮೂಕರ್ಜಿ ನೆನಪಾಗುತ್ತೆ, ಬೇರೆ ಪದ ಇದೆಯಾ?

ಗೆಳೆಯರೇ,

ಒಂದು ಪದ ಹದಿನೈದು ದಿನದಿಂದ ಕಾಡುತ್ತಿದೆ. ಆಳಂದ ಕಡೆಯ ತೊಗರಿ ಬೆಳೆಗಾರರ ಒಂದು ಸಂಘಕ್ಕೆ ಸಭೆ ನಡೆಸುವ ತಂತ್ರಾಂಶವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗ್ರೂಪ್ ಸಪೋರ್ಟ್ ಸಾಫ್ಟ್‌ವೇರ್ ಅಂತಾರಲ್ಲ, ಅದು. ಎಲ್ಲರೂ ತಮ್ಮ ತಮ್ಮ ಮೊಬೈಲ್‌ನಲ್ಲಿ ಒಂದೇ ಹೊತ್ತಿಗೆ ಬರೆಯುತ್ತಾರೆ, ಬರೆದದ್ದೆಲ್ಲ ಗೋಡೆಯ ಪರದೆ ಮೇಲೆ ಕಾಣುತ್ತದೆ, ಆದರೆ ಯಾರು ಬರೆದರು ಅನ್ನುವುದು ಮಾತ್ರ ಕಾಣುವುದಿಲ್ಲ. ಆಮೇಲೆ ಒಂದೇ ಥರದ ಮಾತುಗಳನ್ನು ಒಟ್ಟು ಹಾಕಿ, ಯಾವುದು ಮೊದಲು ಅಂತ ಮತ ಹಾಕಿ, ಠರಾವಿಗೆ ಬರುತ್ತಾರೆ.

ನಾನು ಪರದೆಯ ಮೇಲೆ ‘ಅನಾಮಧೇಯ ಅಭಿಪ್ರಾಯ’ ಅಂತ ಹಾಕಿದ್ದೆ. ನಿಘಂಟಿನ ಪ್ರಕಾರ ತಪ್ಪೇನಿಲ್ಲ. ಆದರೆ ಮೊದಲ ಸಭೆಯಲ್ಲೇ ಹಿರಿಯರೊಬ್ಬರು ಮೊಬೈಲ್ ಬೋರಲು ಹಾಕಿ ಕೂತುಬಿಟ್ಟರು. “ನಮ್ಮ ಕೈಲಿ ಮೂಕರ್ಜಿ ಬರಸ್ಲತ್ತೀರೇನ್ರಿ? ಹೇಳೋದಿದ್ರ ಎದುರಿಗೇ ಹೇಳ್ತೀವಿ.” ಅವರ ಮಾತಿನಲ್ಲಿ ನ್ಯಾಯ ಇದೆ ಅಂತ ನನಗೆ ಆಗಲೇ ಅನಿಸಿತು. ನಮ್ಮಲ್ಲಿ ಅನಾಮಧೇಯ ಅನ್ನುವುದು ಯಾವುದರ ಜೊತೆ ಬರುತ್ತದೆ ನೋಡಿ: ಅನಾಮಧೇಯ ಪತ್ರ, ಅನಾಮಧೇಯ ಕರೆ. ಒಂದು ಚಾಡಿ, ಇನ್ನೊಂದು ಬೆದರಿಕೆ. ಮೂಕರ್ಜಿ, ಅಂದರೆ ಹೆಸರು ಹಾಕದೆ ಕಳಿಸುವ ದೂರು, ಅದಂತೂ ಕಚೇರಿಗಳಲ್ಲಿ ಬೇರೂರಿದ ಪದ, ಸಂಸ್ಕೃತದಿಂದ ಬಂದ ಮೂಕನೂ ಅರಬ್ಬಿಯಿಂದ ಬಂದ ಅರ್ಜಿಯೂ ಸೇರಿ ಆದದ್ದು. ಅದನ್ನು ಬರೆದವನಿಗೆ ಧೈರ್ಯ ಇಲ್ಲ ಅನ್ನುವ ಬೈಗುಳ ಆ ಪದದೊಳಗೇ ಕೂತಿದೆ.

ತಂತ್ರಾಂಶದಲ್ಲಿ ಹೆಸರು ಬಿಡುವ ಉದ್ದೇಶವೇ ಬೇರೆ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಜೇ ನುನಮೇಕರ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಇಂಥ ಸಭೆಕೋಣೆ ಕಟ್ಟಿದಾಗ ಅವರ ಮುಂದಿದ್ದ ತೊಂದರೆ ನಮ್ಮ ಸಭೆಗಳಲ್ಲೂ ದಿನಾ ಕಾಣುವಂಥದ್ದೇ: ದೊಡ್ಡವರು ಮೊದಲು ಮಾತಾಡಿಬಿಟ್ಟರೆ ಉಳಿದವರು ಹೂಂ ಅನ್ನುತ್ತಾರೆ. ಇನ್ನೊಂದು ತೊಂದರೆ ಸರದಿಯದು. 60 ನಿಮಿಷದ ಸಭೆಯಲ್ಲಿ 12 ಜನ ಇದ್ದರೆ ತಲೆಗೆ 5 ನಿಮಿಷ, ಅದೂ ಸಮನಾಗಿ ಹಂಚಿದರೆ. ತನ್ನ ಸರದಿ ಬರುವಷ್ಟರಲ್ಲಿ ಹೇಳಬೇಕಾದ್ದು ಮರೆತೇ ಹೋಗಿರುತ್ತದೆ, ಇಲ್ಲವೇ ಈಗ ಯಾಕೆ ಬಿಡು ಅನಿಸುತ್ತದೆ. ಈ ಕಾಯುವಿಕೆಯಿಂದಲೇ ಗುಂಪಿನಲ್ಲಿ ಹೊಸ ಯೋಚನೆಗಳು ಕಮ್ಮಿ ಹುಟ್ಟುತ್ತವೆ ಅಂತ ಡೀಲ್ ಮತ್ತು ಸ್ಟ್ರೋಬ ಅನ್ನುವ ಮನಶ್ಶಾಸ್ತ್ರಜ್ಞರು 1987ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ.

ಅದೇ ಸಭೆಯಲ್ಲಿ ಪರದೆ ಮೇಲೆ ಒಂದು ಸಾಲು ಬಂತು: “ತೂಕದ ಕಾಟಾ ಮುಂಜಾನಿ ಒಂದ ತಾಸು ಇರ್ತದ, ನಾವು ರೊಟ್ಟಿ ಬಡದು ಬರೋದ್ರಾಗ ಮುಚ್ಚಿರ್ತದ.” ರೊಟ್ಟಿ ಬಡಿಯುವವರು ಯಾರು ಅಂತ ಎಲ್ಲರಿಗೂ ಗೊತ್ತು. ಹಿಂದೆ ಕೂತ ನಾಲ್ಕು ಜನ ಹೆಣ್ಣುಮಕ್ಕಳಲ್ಲಿ ಒಬ್ಬರು. ಯಾವ ಒಬ್ಬರು ಅಂತ ಗೊತ್ತಾಗಲಿಲ್ಲ, ಯಾರೂ ತಿರುಗಿ ನೋಡಲೂ ಇಲ್ಲ, ನೇರ ಕಾಟಾದ ಹೊತ್ತಿನ ಮೇಲೆ ಮಾತು ಶುರುವಾಯಿತು. ಇದು ಚಾಡಿ ಅಲ್ಲ ಅಲ್ವಾ? ಇದಕ್ಕೆ ಮೂಕರ್ಜಿಯ ವಾಸನೆ ಹತ್ತಬಾರದು ಅನ್ನುವುದೇ ನನ್ನ ಹಟ.

ಹಾಗಾದರೆ ಏನನ್ನಬೇಕು? ‘ಗುಪ್ತ’ ಅಂದರೆ ಗುಪ್ತ ಮತದಾನದಿಂದಾಗಿ ಗೌರವ ಇದೆ, ನಿಜ. ಆದರೆ ಇಲ್ಲಿ ಮಾತು ಗುಪ್ತ ಅಲ್ಲ, ಗೋಡೆ ತುಂಬ ಇದೆ. ‘ಅಜ್ಞಾತ’ ಅನ್ನಬಹುದು, ವಚನ ಸಂಪುಟಗಳಲ್ಲಿ ಅಜ್ಞಾತ ವಚನಕಾರರು ಅಂತ ಇದ್ದಾರೆ, ಅದು ಹೆಸರು ಕಾಲದಲ್ಲಿ ಕಳೆದುಹೋದದ್ದು, ಬೇಕಂತ ಬಿಟ್ಟದ್ದಲ್ಲ. ಬಸವಕಲ್ಯಾಣದ ಗೆಳೆಯರೊಬ್ಬರು ‘ಅಂಕಿತ’ ಸೂಚಿಸಿದರು. ಪದ ಚೆಂದ, ನಮ್ಮ ನೆಲದ್ದು. ಆದರೆ ಕೂಡಲಸಂಗಮದೇವ ಅಂದ ಕೂಡಲೇ ಬಸವಣ್ಣ, ಗುಹೇಶ್ವರ ಅಂದರೆ ಅಲ್ಲಮ. ಅಂಕಿತ ಗುರುತು ಕೊಡುತ್ತದೆ, ಮುಚ್ಚುವುದಿಲ್ಲ. ಬಳಕೆದಾರರು ಇಟ್ಟುಕೊಳ್ಳುವ ಅಡ್ಡಹೆಸರಿಗೆ ಅದು ಸರಿಹೋದೀತು. ‘ಹೆಸರುಮರೆ’ ಅಂತ ನಾನೇ ಕಟ್ಟಿ ನೋಡಿದೆ, ಮರೆಯಲ್ಲಿ ನಿಂತು ಹೊಡೆದ ಹಾಗೆ ಕೇಳಿಸಿತು. ಬಿಟ್ಟೆ.

ಸದ್ಯಕ್ಕೆ ಗುಂಡಿಯ ಮೇಲೆ ‘ಹೆಸರು ಹಚ್ಚದೆ ಬರೆಯಿರಿ’ ಅಂತ ಹಾಕಿದ್ದೇನೆ. ದೀಪ ಹಚ್ಚು, ಸುಣ್ಣ ಹಚ್ಚು, ಹೆಸರು ಹಚ್ಚು, ನಮ್ಮ ಕಡೆ ಹಚ್ಚುವುದು ಎಲ್ಲದಕ್ಕೂ ಆಗುತ್ತದೆ. ಮೈಸೂರು ಕಡೆಯವರಿಗೆ ಇದು ತೊಡಕಾಗುತ್ತಾ? ಕ್ರಿಯಾಪದವಾಗಿ ಸರಿ ಇದೆ, ನಾಮಪದ ಮಾತ್ರ ಸಿಗುತ್ತಿಲ್ಲ. ‘ಅನಾಮಧೇಯತೆ’ ಬೇಡವೇ ಬೇಡ.

ಇನ್ನೊಂದು ಸಣ್ಣದು. ತಂತ್ರಾಂಶದ ಹೆಸರನ್ನೇ ‘ಗುಂಪು ಬೆಂಬಲ’ ಅಂತ ಮಾಡಿದರೆ ಚುನಾವಣೆ ನೆನಪಾಗುತ್ತದೆ, ಯಾರ ಗುಂಪು, ಯಾರಿಗೆ ಬೆಂಬಲ ಅಂತ ಕೇಳುತ್ತಾರೆ. ‘ಸಭೆನೆರವು’ ನನಗೆ ಒಪ್ಪಿಗೆ. ಸಭೆ ನಡೆಸಿಕೊಡುವವರಿಗೆ ಶಿಕ್ಷಕರ ತರಬೇತಿಯ ‘ಸುಗಮಕಾರ’ ಇದ್ದೇ ಇದೆ, ಅದನ್ನು ಕೆದಕುವುದಿಲ್ಲ.

ಬೀದರ್, ಯಾದಗಿರಿ ಕಡೆ ಸಂಘ, ಪಂಚಾಯ್ತಿಗಳಲ್ಲಿ ಯಾರ ಹೆಸರೂ ಹೇಳದೆ ಮಾತು ಮುಂದಿಡುವುದಕ್ಕೆ ಏನಂತಾರೆ? ದಖ್ಖನಿ ಮಾತಿನಿಂದ ಬಂದ ಪದವಾದರೂ ಸರಿ, ಬಳಕೆಯಲ್ಲಿದ್ದರೆ ಸಾಕು, ಬರೆಯಿರಿ. ಮುಂದಿನ ಸಭೆ ಅಮಾಸಿಯ ಮರುದಿನ ಇದೆ, ಅಷ್ಟರೊಳಗೆ ಪರದೆ ತಿದ್ದಬೇಕು.