ಸಹಾಯ ಬೇಕು: ಬೆಳ್ಳಿ ಬಣ್ಣದ ರೆಕ್ಕೆಗೆ ಹಾಲು ಬಳಿದಂತೆ ಬಿಳುಪು

ನಮಸ್ಕಾರ, ಬೆಳಗಾವಿಯ ಟಿಳಕವಾಡಿಯಿಂದ ಬರೆಯುತ್ತಿದ್ದೇನೆ. 1:72 ಅಳತೆಯ ಹಾಕರ್ ಫ್ಯೂರಿ ಮಾದರಿ ಕಟ್ಟುತ್ತಿದ್ದೇನೆ. 1931ರಲ್ಲಿ ಬ್ರಿಟನ್ನಿನ ವಾಯುಪಡೆ ಸೇರಿದ ಜೋಡಿ ರೆಕ್ಕೆಯ ಯುದ್ಧವಿಮಾನ. ಅದರ ಮೂತಿ ತಿಕ್ಕಿ ಹೊಳಪಿಸಿದ ಲೋಹ, ರೆಕ್ಕೆ ಮತ್ತು ಬಾಲದ ಕಡೆ ಬೆಳ್ಳಿ ಬಣ್ಣ ಬಳಿದ ಬಟ್ಟೆ. ಈ ಎರಡು ಬೆಳ್ಳಿಗಳ ವ್ಯತ್ಯಾಸ ತೋರಿಸಲೆಂದೇ ಮೂರು ವಾರ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತಿದ್ದೆ. ಚೆನ್ನಾಗಿಯೇ ಬಂದಿತ್ತು.

ಡೆಕಾಲ್ (ವಿಮಾನದ ಗುರುತುಗಳ ತೆಳು ಅಂಟುಚಿತ್ರ) ಅಂಟಿಸುವ ಮೊದಲು ರೆಕ್ಕೆಗಳಿಗೆ ಲ್ಯಾಕರ್ ವಾರ್ನಿಷ್ ಸ್ಪ್ರೇ ಹೊಡೆದೆ. ಹೊರಗೆ ಜಿಟಿಜಿಟಿ ಮಳೆ, ಗೋಡೆಯೇ ಬೆವರುವ ಕಾಲ. ತಪ್ಪು ನನ್ನ ಅವಸರದ್ದೇ. ಹತ್ತು ನಿಮಿಷದಲ್ಲಿ ಮೇಲಿನ ರೆಕ್ಕೆ ಬೆಳ್ಳಗಾಯಿತು. ಹೇರ್ ಡ್ರೈಯರ್ ಹಿಡಿದೆ, ಅಂಚು ಮಾತ್ರ ತಿಳಿಯಾಯಿತು. ಎರಡು ದಿನ ಅಕ್ಕಿ ಡಬ್ಬಿಯಲ್ಲಿಟ್ಟೆ (ಮನೆಯವರ ಬೈಗುಳ ಬೇರೆ), ಪ್ರಯೋಜನವಾಗಲಿಲ್ಲ. ನಿಧಾನವಾಗಿ ಆರುವ ಥಿನ್ನರನ್ನು (ಬಣ್ಣ, ವಾರ್ನಿಷ್ ಕರಗಿಸುವ ದ್ರಾವಣ) ತೆಳುವಾಗಿ ಸಿಂಪಡಿಸಿದರೆ ಸಿಕ್ಕಿಕೊಂಡ ತೇವ ಹೊರಬೀಳುತ್ತದೆ ಎನ್ನುತ್ತಾರೆ. ಆದರೆ ವಾರ್ನಿಷ್ ಕೆಳಗಿರುವುದು ಎನಾಮಲ್ ಎಂಬ ಬಗೆಯ ಬೆಳ್ಳಿ ಬಣ್ಣ. ಅದೇ ಸುಕ್ಕುಗಟ್ಟಿ ಎದ್ದು ಬಂದರೆ?

ಎನಾಮಲ್ ಮೇಲೆ ಹೀಗೆ ಥಿನ್ನರ್ ಹೊಡೆದು ಯಾರಾದರೂ ಉಳಿಸಿಕೊಂಡಿದ್ದೀರಾ, ಅಥವಾ ಆ ಒಂದು ರೆಕ್ಕೆಯನ್ನು ಉಜ್ಜಿ ಮತ್ತೆ ಬಳಿಯುವುದೇ ಲೇಸೇ? ಮೂತಿಗೆ ಇನ್ನೂ ವಾರ್ನಿಷ್ ತಾಗಿಸಿಲ್ಲ, ಹಾಗೆಯೇ ಬಿಡಬಹುದೇ?