ಆನ್ಸಿಬಲ್ ಓಡಿಸಿದ ಮೇಲೆ ಉಡುಪಿಯ ಬ್ಯಾಕಪ್ ಸರ್ವರ್ ಕೈಗೆ ಸಿಗ್ತಾ ಇಲ್ಲ, ಅರ್ಜೆಂಟ್

ಬೈಕಂಪಾಡಿ_ಅಡ್ಮಿನ್
ಮಧ್ಯಾಹ್ನದಿಂದ ತಲೆ ಚಚ್ಚಿಕೊಳ್ತಾ ಇದ್ದೇನೆ. ಆನ್ಸಿಬಲ್ (ಒಂದು ಕಡೆಯಿಂದ ಎಲ್ಲ ಸರ್ವರ್‌ಗೂ ಸೆಟ್ಟಿಂಗ್ ಹಾಕುವ ಟೂಲ್) ಓಡುದು ಮಂಗಳೂರಿನ ಬೈಕಂಪಾಡಿಯಿಂದ, ಸರ್ವರ್ ಇರುದು ಉಡುಪಿಯಲ್ಲಿ. ನೆಟ್‌ವರ್ಕ್ ರೋಲ್ (ನೆಟ್‌ವರ್ಕ್ ಸೆಟ್ಟಿಂಗ್ ಬರೆಯುವ ಟಾಸ್ಕ್‌ಗಳ ಕಟ್ಟು) ಓಡಿಸಿದೆ, ‘ಅನ್‌ರೀಚಬಲ್’ ಅಂತ ಬಂತು, ಅಲ್ಲಿಗೆ ಮುಗೀತು. ಏನೂ ಬದಲಾಯಿಸದೆ ನೋಡುವ ಚೆಕ್ ಮೋಡ್‌ನಲ್ಲಿ ಎಲ್ಲ ಸರಿ ತೋರಿಸಿತ್ತು. ಪ್ಲೇಬುಕ್‌ನಲ್ಲಿ ತಪ್ಪಿಲ್ಲ, ಇದೇ ರೋಲ್ ಬೇರೆ ನಾಲ್ಕು ಸರ್ವರ್‌ನಲ್ಲಿ ಓಡಿದೆ. ರಾತ್ರಿ 10ಕ್ಕೆ ಬ್ಯಾಕಪ್ ಶುರುವಾಗ್ಬೇಕು. ಎಂತ ಮಾಡುದು?

ಕೇಬಲ್‌ರಾಯ
ಯಾವ ಓಎಸ್, ಎಷ್ಟು ಪೋರ್ಟ್, ಬಾಂಡ್ (ಎರಡು ಪೋರ್ಟ್ ಸೇರಿಸಿ ಒಂದು ಮಾಡುದು) ಉಂಟಾ ಇಲ್ವಾ, ಒಂದೂ ಹೇಳ್ಲಿಲ್ಲ ನೀವು. ಬಾಂಡ್ ಇದ್ರೆ ಮೊದಲು ಸ್ವಿಚ್ ನೋಡಿ. ಸರ್ವರ್‌ನಲ್ಲಿ 802.3ಎಡಿ ಬಾಂಡ್ ಮೋಡ್ ಹಾಕಿ, ಸ್ವಿಚ್‌ನಲ್ಲಿ ಅದಕ್ಕೆ ಜೋಡಿಯಾದ ಎಲ್‌ಎಸಿಪಿ ಗ್ರೂಪ್ ಮಾಡುದು ಬಿಟ್ಟಿರ್ತಾರೆ.

ಬೈಕಂಪಾಡಿ_ಅಡ್ಮಿನ್
ಉಬುಂಟು, ನೆಟ್‌ವರ್ಕ್ ಸೆಟ್ಟಿಂಗ್ ನೆಟ್‌ಪ್ಲಾನ್‌ನಲ್ಲಿ. ಎನೊ1, ಎನೊ2 ಪೋರ್ಟ್ ಸೇರಿಸಿ ಬಾಂಡ್0. ಎಂಟಿಯು (ಒಂದು ಪ್ಯಾಕೆಟಿನ ಗರಿಷ್ಠ ಗಾತ್ರ) 9000 ಬೈಟ್. ಸ್ವಿಚ್‌ನಲ್ಲಿ ಗ್ರೂಪ್ ಮಾಡಿ ಆಗಿದೆ.

ಕೇಬಲ್‌ರಾಯ
ಮಾಡಿದ್ದು ಆ ಎರಡು ಪೋರ್ಟಿಗೇ ಹೌದಾ? ಪ್ಯಾಚ್ ಪ್ಯಾನೆಲ್‌ನಲ್ಲಿ ಲೇಬಲ್ ಒಂದು, ಕೇಬಲ್ ಹೋದದ್ದು ಇನ್ನೊಂದಕ್ಕೆ ಆಗಿರ್ತದೆ. ಎಲ್‌ಎಸಿಪಿಯೇ ಅಂತ ನನಗೆ ಗ್ಯಾರಂಟಿ.

ಸುರತ್ಕಲ್_ರ್ಯಾಕ್
9000 ಅಂದ ಮೇಲೆ ಎಲ್‌ಎಸಿಪಿ ಹಿಂದೆ ಯಾಕೆ ಹೋಗ್ತೀರಿ? ಇದು ಎಂಟಿಯು. ಸಣ್ಣ ಪಿಂಗ್ ದಾಟ್ತದೆ, ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುದು, ಆನ್ಸಿಬಲ್ ಹೋಗುದೂ ಇದರಲ್ಲೇ) ಕೀ ವಿನಿಮಯ ಮಾಡುವಾಗ ದೊಡ್ಡ ಪ್ಯಾಕೆಟ್ ಬಿದ್ದು ಹೋಗ್ತದೆ. ಪ್ಯಾಕೆಟ್ ತುಂಡು ಮಾಡಬೇಡ ಅನ್ನುವ ಡಿಎಫ್ ಬಿಟ್ ಹಾಕಿ 8972 ಬೈಟಿನ ಪಿಂಗ್ ಬಿಡಿ. 9000ದಲ್ಲಿ ಐಪಿ ಹೆಡರ್ 20, ಐಸಿಎಂಪಿ 8 ಕಳೆದರೆ ಉಳಿಯುದು ಅಷ್ಟೇ.

ಪೋರ್ಟ್22
ಲೆಕ್ಕ ಸರಿ, ಇಲ್ಲಿಗೆ ಅನ್ವಯ ಆಗುದಿಲ್ಲ. ಟಿಸಿಪಿ ಶುರುವಾಗುವಾಗಲೇ ಎರಡೂ ಕಡೆಯವರು ಎಂಎಸ್‌ಎಸ್ (ಒಂದು ಪ್ಯಾಕೆಟಿನಲ್ಲಿ ಎಷ್ಟು ಬೈಟ್ ಡೇಟಾ ತೆಗೊಳ್ತೇನೆ ಅಂತ) ಹೇಳಿಕೊಳ್ತಾರೆ. ಬೈಕಂಪಾಡಿಯ ಮೆಷಿನ್ 1500ರಲ್ಲಿ ಇದ್ರೆ 1460 ಅಂತ ಹೇಳ್ತದೆ, ಸರ್ವರ್ 9000 ಇದ್ರೂ ಅದಕ್ಕಿಂತ ದೊಡ್ಡದು ಕಳಿಸುದಿಲ್ಲ. ಎರಡೂ ತುದಿ 9000 ಇದ್ದು ನಡುವಿನ ಸ್ವಿಚ್ 1500 ಆದ್ರೆ ನೀವು ಹೇಳಿದ ಹಾಗೆ ಸಿಕ್ಕಿಬೀಳ್ತದೆ.

ಸುರತ್ಕಲ್_ರ್ಯಾಕ್
ನಡುವೆ ವಿಪಿಎನ್ ಇದ್ರೆ? ಟನೆಲ್‌ನ ಎಂಟಿಯು 1420ರ ಹಾಗೆ 1500ಕ್ಕಿಂತ ಕಡಿಮೆ ಇರ್ತದೆ.

ಪೋರ್ಟ್22
ಆ ಟನೆಲ್ ನಿನ್ನೆಯೂ ಇತ್ತು, ನಿನ್ನೆ ಎಸ್‌ಎಸ್‌ಎಚ್ ಆಗ್ತಿತ್ತು. ಊಹೆ ಸಾಕು. ಬೈಕಂಪಾಡಿಯವರೇ, ಉಡುಪಿಯಲ್ಲಿ ಯಾರಾದ್ರೂ ಮಾನಿಟರ್, ಕೀಬೋರ್ಡ್ ಹಾಕಿ ಮೂರು ವಿಷಯ ಓದಿ ಹೇಳ್ಲಿ: ‘ಐಪಿ ಅಡ್ರ್’ ಏನು ತೋರಿಸ್ತದೆ, ಪ್ರಾಕ್ ಒಳಗಿನ ಬಾಂಡಿಂಗ್ ಫೈಲಿನಲ್ಲಿ ಪಾರ್ಟ್‌ನರ್ ಮ್ಯಾಕ್ (ಎದುರಿನ ಸ್ವಿಚ್‌ನ ಹಾರ್ಡ್‌ವೇರ್ ವಿಳಾಸ) ಎಷ್ಟು, ಇಟಿಸಿ ಒಳಗಿನ ನೆಟ್‌ಪ್ಲಾನ್ ಫೋಲ್ಡರಿನಲ್ಲಿ ಎಷ್ಟು ಫೈಲ್ ಉಂಟು. ಪಾರ್ಟ್‌ನರ್ ಮ್ಯಾಕ್ ಪೂರಾ ಸೊನ್ನೆ ಇದ್ರೆ ಕೇಬಲ್‌ರಾಯರು ಹೇಳಿದ್ದು ಸರಿ.

ಬೈಕಂಪಾಡಿ_ಅಡ್ಮಿನ್
ನೋಡಿ ಹೇಳಿದ್ರು. ಪಾರ್ಟ್‌ನರ್ ಮ್ಯಾಕ್ ಉಂಟು, ಎರಡೂ ಪೋರ್ಟ್ ಒಂದೇ ಅಗ್ರಿಗೇಟರ್‌ನಲ್ಲಿ, ಅಂದ್ರೆ ಒಂದೇ ಗುಂಪಿನಲ್ಲಿ. 192.168.40.12 ಎನೊ1ರಲ್ಲೂ ಕಾಣ್ತದೆ, ಬಾಂಡ್0ಯಲ್ಲೂ ಕಾಣ್ತದೆ. ಫೈಲ್ ಎರಡು: 00-ಇನ್‌ಸ್ಟಾಲರ್-ಕಾನ್ಫಿಗ್.ಯಾಮಲ್ ಮತ್ತು 50-ಕ್ಲೌಡ್-ಇನಿಟ್.ಯಾಮಲ್. ಹಳೆಯ ನಾಲ್ಕು ಸರ್ವರ್ ಉಬುಂಟು 22.04, ಇದು ಮಾತ್ರ 24.04.

ಪೋರ್ಟ್22
ಈ 24.04 ಅನ್ನುದು ಮೊದಲ ಸಾಲಿನಲ್ಲೇ ಬರ್ಬೇಕಿತ್ತು ಮಾರಾಯ್ರೆ.

ಆ ಫೋಲ್ಡರಿನಲ್ಲಿ ಯಾಮಲ್ ಅಂತ ಮುಗಿಯುವ ಎಲ್ಲ ಫೈಲನ್ನೂ ನೆಟ್‌ಪ್ಲಾನ್ ಹೆಸರಿನ ಕ್ರಮದಲ್ಲಿ ಓದಿ ಒಟ್ಟು ಸೇರಿಸ್ತದೆ. ನಿಮ್ಮ ರೋಲ್ 00 ಫೈಲನ್ನು ಬರೆದದ್ದು. 22.04ರಲ್ಲಿ ಇನ್‌ಸ್ಟಾಲರ್ ಹಾಕಿದ ಫೈಲಿಗೂ ಅದೇ ಹೆಸರು, ಹಾಗಾಗಿ ಹಳೆಯದು ಅಳಿಸಿಹೋಗಿ ಎಲ್ಲ ಸರಿಯಾಯ್ತು. ಇಲ್ಲಿ ಹಳೆಯ ವಿಳಾಸ 50ರಲ್ಲಿ ಕೂತಿತ್ತು, ಎನೊ1ಕ್ಕೆ ಅದೂ ಸೇರಿತು. ಬಾಂಡ್‌ಗೆ ಸೇರಿದ ಪೋರ್ಟಿಗೆ ಸ್ವಂತ ಐಪಿ ಇರಕೂಡದು. ಕರ್ನೆಲ್ ಎನೊ1ರ ದಾರಿ ಹಿಡಿದು ಎಆರ್‌ಪಿ (ಈ ಐಪಿಯ ಮ್ಯಾಕ್ ಯಾವುದು ಅಂತ) ಕೇಳ್ತದೆ, ಉತ್ತರ ಬಾಂಡ್0ಯಲ್ಲಿ ಬರ್ತದೆ. ಎಆರ್‌ಪಿ ಪಟ್ಟಿ ಒಂದೊಂದು ಇಂಟರ್‌ಫೇಸಿಗೂ ಬೇರೆ ಬೇರೆ, ಹಾಗಾಗಿ ಎನೊ1ರಲ್ಲಿ ಗೇಟ್‌ವೇಯ ಮ್ಯಾಕ್ ಯಾವತ್ತೂ ಸಿಕ್ಕುದಿಲ್ಲ. ಚೆಕ್ ಮೋಡ್ ಇದನ್ನು ಹಿಡಿಯುದಿಲ್ಲ, ಅದು ತಾನು ಬರೆಯುವ ಫೈಲಿನ ವ್ಯತ್ಯಾಸ ಮಾತ್ರ ನೋಡ್ತದೆ.

ಈಗ ಉಡುಪಿಯವರು 50ನ್ನು ರೂಟ್ ಯೂಸರಿನ ಫೋಲ್ಡರಿಗೆ ಸಾಗಿಸಲಿ. ನೆಟ್‌ಪ್ಲಾನ್ ಫೋಲ್ಡರಿನಲ್ಲೇ ‘50-ಹಳೆಯದು.ಯಾಮಲ್’ ಅಂತ ಹೆಸರು ಬದಲಾಯಿಸಿ ಇಟ್ರೆ ಅದನ್ನೂ ಓದ್ತದೆ. ಬೂಟ್ ಆಗುವಾಗ ಸೆಟ್ಟಿಂಗ್ ಬರೆಯುವ ಕ್ಲೌಡ್-ಇನಿಟ್ ಅದನ್ನು ಮತ್ತೆ ಬರೆಯದ ಹಾಗೆ ಕ್ಲೌಡ್.ಸಿಎಫ್‌ಜಿ.ಡಿ ಒಳಗೆ 99-ಡಿಸೇಬಲ್-ನೆಟ್‌ವರ್ಕ್-ಕಾನ್ಫಿಗ್.ಸಿಎಫ್‌ಜಿ ಫೈಲ್ ಮಾಡಿ, ನೆಟ್‌ವರ್ಕ್ ಕಾನ್ಫಿಗ್ ‘ಡಿಸೇಬಲ್ಡ್’ ಅಂತ ಒಂದು ಸಾಲು ಹಾಕ್ಲಿ. ಆಮೇಲೆ ರೀಬೂಟ್.

ಬೈಕಂಪಾಡಿ_ಅಡ್ಮಿನ್
ಬಂತು! ಎಸ್‌ಎಸ್‌ಎಚ್ ಆಯ್ತು. ಇನ್ನು ಮುಂದೆ ‘ನೆಟ್‌ಪ್ಲಾನ್ ಟ್ರೈ’ ಹಾಕ್ತೇನೆ, ಅದು 120 ಸೆಕೆಂಡಿನಲ್ಲಿ ತಾನೇ ಹಳೆಯ ಸೆಟ್ಟಿಂಗಿಗೆ ಹಿಂದೆ ಹೋಗ್ತದಲ್ಲಾ.

ಪೋರ್ಟ್22
ಬೇಡ. ಅದು ಎಂಟರ್ ಒತ್ತುವವರಿಗೆ ಕಾಯ್ತದೆ, ಆನ್ಸಿಬಲ್‌ನಲ್ಲಿ ಒತ್ತುವವರು ಯಾರೂ ಇಲ್ಲ. ಅಲ್ಲದೆ ಬಾಂಡ್‌ಗೆ ಮೋಡ್ ಇತ್ಯಾದಿ ಕೊಟ್ಟಿದ್ರೆ ಹಿಂದೆ ತರಲಿಕ್ಕೆ ಆಗುದಿಲ್ಲ ಅಂತ ಅದೇ ಹೇಳ್ತದೆ. ಟೈಮರ್ ನೀವೇ ಇಡಿ. ಮೊದಲ ಟಾಸ್ಕ್: ಬ್ಯಾಕಪ್ ಜಾಬ್ ಓಡ್ತಾ ಉಂಟಾ ನೋಡಿ, ಇದ್ರೆ ಅಲ್ಲೇ ನಿಲ್ಲಿಸಿ. ಎರಡನೆಯದು: ಇಡೀ ನೆಟ್‌ಪ್ಲಾನ್ ಫೋಲ್ಡರ್ ರೂಟ್ ಯೂಸರಿನ ಫೋಲ್ಡರಿನಲ್ಲಿ ನಕಲು. ಮೂರನೆಯದು: ಸಿಸ್ಟಮ್‌ಡಿ-ರನ್‌ನಲ್ಲಿ ಆನ್-ಆಕ್ಟಿವ್ 300 (5 ನಿಮಿಷದ ಟೈಮರ್) ಕೊಟ್ಟು, ಆ ನಕಲನ್ನು ವಾಪಸ್ ಹಾಕಿ ರೀಬೂಟ್ ಮಾಡುವ ಸ್ಕ್ರಿಪ್ಟ್. ಇಷ್ಟಾದ ಮೇಲೆಯೇ ಹೊಸ ನೆಟ್‌ಪ್ಲಾನ್ ಫೈಲ್ ಬರೆಯುವ ಟೆಂಪ್ಲೇಟ್, ಪರ್ಮಿಷನ್ 600. ‘ನೆಟ್‌ಪ್ಲಾನ್ ಅಪ್ಲೈ’ಗೆ ಅಸಿಂಕ್ 60, ಪೋಲ್ 0 (ಮುಗಿಯುವವರೆಗೆ ಕಾಯಬೇಡ ಅಂತ) ಕೊಡಿ, ಇಲ್ಲದಿದ್ರೆ ಕನೆಕ್ಷನ್ ಕಡಿದಾಗ ಟಾಸ್ಕ್ ಅಲ್ಲೇ ಬೀಳ್ತದೆ. ನಂತರ ರೀಸೆಟ್ ಕನೆಕ್ಷನ್, ವೇಟ್ ಫಾರ್ ಕನೆಕ್ಷನ್ 120 ಸೆಕೆಂಡ್. ಒಳಗೆ ಹೋಗಿ ಗೇಟ್‌ವೇ ಪಿಂಗ್ ಆದ ಮೇಲೆಯೇ ಟೈಮರ್ ನಿಲ್ಲಿಸಿ. ಐಪಿಯನ್ನೇ ಬದಲಾಯಿಸುದಾದ್ರೆ ಕಾಯುವ ಮೊದಲು ಆನ್ಸಿಬಲ್ ಹೋಸ್ಟ್ ಹೊಸದಕ್ಕೆ ತಿರುಗಿಸ್ಬೇಕು. ಸೀರಿಯಲ್ 1 (ಒಂದು ಸಲಕ್ಕೆ ಒಂದೇ ಸರ್ವರ್) ಇರಲೇಬೇಕು, ಐದೂ ಸರ್ವರ್ ಒಟ್ಟಿಗೆ ಕಳಕೊಳ್ಳಬೇಡಿ.

ಆ 5 ನಿಮಿಷದ ಒಳಗೆ ಗಡಿಬಿಡಿಯಲ್ಲಿ ಯಾರೂ ಪವರ್ ಬಟನ್ ಒತ್ತಬಾರದು. ಈ ಟೈಮರ್ ಡಿಸ್ಕಿನಲ್ಲಿ ಉಳಿಯುವಂಥದ್ದಲ್ಲ, ರೀಬೂಟ್ ಆದ್ರೆ ಹೋಯ್ತು, ಕೆಟ್ಟ ಕಾನ್ಫಿಗ್ ಹಾಗೇ ಉಳೀತದೆ.

ಕೇಬಲ್‌ರಾಯ
ಎಲ್‌ಎಸಿಪಿ ಅಲ್ಲ, ಒಪ್ಪಿದೆ. ಆದ್ರೆ ಬ್ಯಾಕಪ್ ಸರ್ವರಿಗೆ ಅದು ಬೇಕಾ? ಫೈಲ್ ನಕಲು ಮಾಡುವ ಒಂದು ಆರ್‌ಸಿಂಕ್ ಒಂದೇ ಟಿಸಿಪಿ ಕನೆಕ್ಷನ್, ಅದು ಒಂದೇ ಕೇಬಲಲ್ಲಿ ಹೋಗ್ತದೆ. 1 ಗಿಗಾಬಿಟ್ ಎರಡು ಸೇರಿಸಿದ್ರೂ ಸೆಕೆಂಡಿಗೆ 110 ಎಂಬಿ ಚಿಲ್ಲರೆಯೇ.

ಸುರತ್ಕಲ್_ರ್ಯಾಕ್
ಅದಕ್ಕೇ ನಮ್ಮಲ್ಲಿ 10 ಗಿಗಾಬಿಟ್ ಎಸ್‌ಎಫ್‌ಪಿ+ ಡಿಎಸಿ ಕೇಬಲ್. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಮಾತ್ರ. ಮಳೆ ಹಿಡಿಯುವ ಮುಂಚಿನ ಸಿಡಿಲಿಗೆ ತಾಮ್ರದ ಕೇಬಲ್ ಹೊರಗೆ ಎಳೆದ್ರೆ ಎರಡೂ ಕಡೆಯ ಪೋರ್ಟ್ ಸುಟ್ಟುಹೋಗ್ತದೆ.

ಬೈಕಂಪಾಡಿ_ಅಡ್ಮಿನ್
ಹಾಗಾದ್ರೆ ಬಾಂಡನ್ನು ಆಕ್ಟಿವ್-ಬ್ಯಾಕಪ್‌ಗೆ (ಒಂದು ಕೇಬಲ್ ಕೆಲಸ ಮಾಡ್ತದೆ, ಇನ್ನೊಂದು ಅದು ಹೋದ್ರೆ ಮಾತ್ರ) ಬದಲಾಯಿಸಿ ಎರಡು ಸ್ವಿಚ್‌ಗೆ ಒಂದೊಂದು ಕೇಬಲ್ ಕೊಡ್ತೇನೆ. ಎಲ್‌ಎಸಿಪಿ ಗ್ರೂಪ್ ತೆಗೀತೇನೆ. ಟೈಮರ್ ಇಟ್ಟೇ ಓಡಿಸ್ತೇನೆ.

ಪೋರ್ಟ್22
ಎಂಐಐ ಮಾನಿಟರ್ ಇಂಟರ್ವಲ್ 100 ಅಂತ ಬರೀರಿ. ನೆಟ್‌ಪ್ಲಾನ್‌ನಲ್ಲಿ ಬರೆಯದಿದ್ರೆ ಅದು 0, ಅಂದ್ರೆ ಲಿಂಕ್ ಹೋದದ್ದು ಬಾಂಡ್‌ಗೆ ಗೊತ್ತೇ ಆಗುದಿಲ್ಲ. ಓಡಿಸಿದ ಮೇಲೆ ಒಂದು ಕೇಬಲ್ ಎಳೆದು, ಪಿಂಗ್ ಎಷ್ಟು ತಪ್ಪಿತು ಅಂತ ಇಲ್ಲಿ ಹಾಕಿ.